ಸಿಇಟಿ, ನೀಟ್, ಜೆಇಇ: ಯಾವ ಗೈಡ್ ಕೊಳ್ಳಬೇಕು, ಹೇಗೆ ಅಭ್ಯಾಸ ಮಾಡಬೇಕು?

"ಸರ್, ಸಿಇಟಿಗೆ ಯಾವ ಗೈಡ್ ತಗೊಳ್ಳೋದು?" ಪಿಯು ಮಕ್ಕಳು, ಅವರ ಅಪ್ಪ ಅಮ್ಮ ನನ್ನನ್ನು ಅತಿ ಜಾಸ್ತಿ ಕೇಳುವ ಪ್ರಶ್ನೆ ಇದು. ನಾನು ಹಾಸನದಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಬೇಲೂರು, ಸಕಲೇಶಪುರ, ಮೂಡಿಗೆರೆ, ಕಡೂರು ಕಡೆಯಿಂದಲೂ ಇದೇ ಪ್ರಶ್ನೆ ಬರುತ್ತದೆ. ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಪೂರ್ತಿ ಬರೆಯುವುದೇ ಒಳ್ಳೆಯದು ಅನ್ನಿಸಿತು.

ಇಲ್ಲಿ ಯಾವ ಗೈಡಿನ ಹೆಸರನ್ನೂ ಹೇಳುವುದಿಲ್ಲ. ಈ ವರ್ಷ ಚೆನ್ನಾಗಿರುವ ಪುಸ್ತಕ ಮುಂದಿನ ವರ್ಷ ಹೊಸ ರಟ್ಟು ಹಾಕಿಕೊಂಡು, ಒಳಗೆ ಹಳೇ ಸಿಲೆಬಸ್ಸನ್ನೇ ಇಟ್ಟುಕೊಂಡು ಬರಬಹುದು. ಅದರ ಬದಲು ಅಂಗಡಿಯಲ್ಲಿ ನಿಂತು ನೀವೇ ಪುಸ್ತಕ ಅಳೆಯುವುದು ಹೇಗೆ, ತಂದ ಪುಸ್ತಕವನ್ನು ಹೇಗೆ ಬಳಸಬೇಕು ಅಂತ ಹೇಳುತ್ತೇನೆ. ಒಂದು ವಿಷಯಕ್ಕೆ ಒಂದೇ ಗೈಡ್ ಸಾಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದನ್ನು ಮೂರು ಸಲ ಮಾಡಿದವರು, ಮೂರು ಗೈಡ್ ತಂದು ಅರ್ಧರ್ಧ ಮಾಡಿದವರಿಗಿಂತ ಮುಂದೆ ಇರುತ್ತಾರೆ.

ಹಂತ 1: ನೀವು ಬರೆಯುವುದು ಯಾವ ಪರೀಕ್ಷೆ ಅಂತ ಮೊದಲು ತೀರ್ಮಾನ ಮಾಡಿ

ಇದನ್ನು ಬಿಟ್ಟು ಪುಸ್ತಕ ಕೊಳ್ಳಲು ಹೋಗಬೇಡಿ. ಸಿಇಟಿ, ನೀಟ್, ಜೆಇಇ ಮೇನ್, ಕಾಮೆಡ್‌ಕೆ, ಈ ನಾಲ್ಕು ಪರೀಕ್ಷೆಗಳ ಸ್ವಭಾವ ನಾಲ್ಕು ಥರ.

ಸಿಇಟಿಯನ್ನು ನಡೆಸುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಎಲ್ಲರ ಬಾಯಲ್ಲಿ ಕೆಇಎ. ಒಂದೊಂದು ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಎಂಜಿನಿಯರಿಂಗ್ ಜೊತೆಗೆ ಬಿ.ಎಸ್ಸಿ. ಕೃಷಿ, ತೋಟಗಾರಿಕೆ, ಪಶುವೈದ್ಯಕೀಯ, ಬಿ.ಫಾರ್ಮಾ ಸೀಟುಗಳಿಗೂ ಇದೇ ದಾರಿ. ಹಾಸನದಲ್ಲೇ ಕೃಷಿ ಕಾಲೇಜು, ಪಶುವೈದ್ಯಕೀಯ ಕಾಲೇಜು ಇವೆ, ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜು ಇದೆ. ಇವುಗಳಿಗೆ ನೀಟ್ ಬೇಕು ಅಂದುಕೊಂಡು ಸಿಇಟಿಯಲ್ಲಿ ಜೀವಶಾಸ್ತ್ರ ಬರೆಯದೆ ಬಿಡುವ ಮಕ್ಕಳಿದ್ದಾರೆ. ಹಾಗೆ ಮಾಡಬೇಡಿ. ಜಮೀನು ಇರುವ ಮನೆಯವರಾದರೆ ಕೃಷಿಕರ ಕೋಟಾದ ವಿವರವನ್ನೂ ಓದಿ, ಅದಕ್ಕೆ ಬೇರೆಯಾಗಿ ಪ್ರಾಯೋಗಿಕ ಪರೀಕ್ಷೆ ಇರುತ್ತದೆ.

ನೀಟ್ ಎಂಬಿಬಿಎಸ್, ದಂತವೈದ್ಯಕೀಯ, ಆಯುರ್ವೇದಕ್ಕೆ. 180 ಪ್ರಶ್ನೆ, 180 ನಿಮಿಷ, 720 ಅಂಕ. ಅರ್ಧ ಪೇಪರ್, ಅಂದರೆ 90 ಪ್ರಶ್ನೆ, ಜೀವಶಾಸ್ತ್ರವೇ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಈ ಕಡಿತಕ್ಕೆ ನೆಗೆಟಿವ್ ಮಾರ್ಕಿಂಗ್ ಅನ್ನುತ್ತಾರೆ.

ಜೆಇಇ ಮೇನ್ ಎನ್‌ಐಟಿಯಂಥ ಕೇಂದ್ರ ಸರ್ಕಾರದ ಎಂಜಿನಿಯರಿಂಗ್ ಕಾಲೇಜುಗಳಿಗೆ. ಕಂಪ್ಯೂಟರ್ ಮುಂದೆ ಕೂತು 3 ಗಂಟೆಯಲ್ಲಿ 75 ಪ್ರಶ್ನೆ. ಆಯ್ಕೆಗಳೇ ಇಲ್ಲದೆ ಸಂಖ್ಯೆಯನ್ನು ನೀವೇ ಟೈಪ್ ಮಾಡಬೇಕಾದ ಪ್ರಶ್ನೆಗಳೂ ಇವೆ. ಇಲ್ಲೂ ನೆಗೆಟಿವ್ ಇದೆ. ಕಾಮೆಡ್‌ಕೆ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಿಗೆ, 180 ನಿಮಿಷಕ್ಕೆ 180 ಪ್ರಶ್ನೆ. ಕಂಪ್ಯೂಟರ್ ಪರೀಕ್ಷೆಯೇ, ಆದರೆ ನೆಗೆಟಿವ್ ಇಲ್ಲ.

ಈಗ ಲೆಕ್ಕ ಹಾಕಿ. ಸಿಇಟಿಯಲ್ಲಿ ಒಂದು ಪ್ರಶ್ನೆಗೆ ಸಿಗುವುದು ಒಂದು ನಿಮಿಷ ಚಿಲ್ಲರೆ. ಜೆಇಇಯಲ್ಲಿ ಎರಡೂವರೆ ನಿಮಿಷದ ಹತ್ತಿರ. ಜೆಇಇ ಗೈಡಿನ ದೊಡ್ಡ ಲೆಕ್ಕಗಳನ್ನೇ ಮಾಡುತ್ತಾ ಕೂತವರು ಸಿಇಟಿಯಲ್ಲಿ 40ನೇ ಪ್ರಶ್ನೆಗೆ ಬರುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಬುದ್ಧಿ ಕಡಿಮೆ ಅಂತಲ್ಲ, ಅಭ್ಯಾಸ ಬೇರೆ ಪರೀಕ್ಷೆಯದು.

ಒಂದು ಮುಖ್ಯ ಪರೀಕ್ಷೆ, ಜೊತೆಗೆ ಒಂದು ಪಕ್ಕದ ಪರೀಕ್ಷೆ. ಅಷ್ಟೇ ಇಟ್ಟುಕೊಳ್ಳಿ.

ಹಂತ 2: ಬೋರ್ಡ್ ಪರೀಕ್ಷೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಸಿಇಟಿ ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ಪಾಲು ದ್ವಿತೀಯ ಪಿಯು ಅಂಕಗಳದ್ದು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿ ಬೋರ್ಡ್‌ನಲ್ಲಿ 300, ಸಿಇಟಿಯಲ್ಲಿ 180. ಬೋರ್ಡ್‌ನಲ್ಲಿ 30 ಅಂಕ ಜಾಸ್ತಿ ಬಂದರೂ ಒಂದೇ, ಸಿಇಟಿಯಲ್ಲಿ 18 ಅಂಕ ಜಾಸ್ತಿ ಬಂದರೂ ಒಂದೇ. ಎರಡೂ ನಿಮ್ಮ ಒಟ್ಟು ಲೆಕ್ಕವನ್ನು ನೂರಕ್ಕೆ 5ರಷ್ಟು ಮೇಲೆ ಎತ್ತುತ್ತವೆ. ಹಾಗಾಗಿ ಬೋರ್ಡ್ ಓದನ್ನು ಬದಿಗಿಟ್ಟು ಬರೀ ಎಂಸಿಕ್ಯು (ನಾಲ್ಕು ಉತ್ತರದಲ್ಲಿ ಒಂದನ್ನು ಆರಿಸುವ ಪ್ರಶ್ನೆ) ಮಾಡುವುದು ನಷ್ಟದ ಬಾಬ್ತು.

ನೀಟ್, ಜೆಇಇ ರ‍್ಯಾಂಕಿಗೆ ಬೋರ್ಡ್ ಅಂಕ ಸೇರುವುದಿಲ್ಲ. ಅರ್ಹತೆಗೆ ಮಾತ್ರ ಬೇಕು.

ಹಂತ 3: ಗೈಡಿಗಿಂತ ಮುಂಚೆ ಪಠ್ಯಪುಸ್ತಕ, ಪಠ್ಯಪುಸ್ತಕಕ್ಕಿಂತ ಮುಂಚೆ ಸಿಲೆಬಸ್

ನಮ್ಮ ಪಿಯು ವಿಜ್ಞಾನದ ಪಠ್ಯ ಎನ್‌ಸಿಇಆರ್‌ಟಿಯದೇ, ಅಂದರೆ ಪಠ್ಯಪುಸ್ತಕ ಮಾಡುವ ಕೇಂದ್ರ ಸಂಸ್ಥೆಯದು. ನೀಟ್‌ಗೂ, ಜೆಇಇ ಮೇನ್‌ಗೂ ಬುನಾದಿ ಅದೇ. ಅಂದರೆ ಅತಿ ಮುಖ್ಯವಾದ ಪುಸ್ತಕ ಈಗಾಗಲೇ ನಿಮ್ಮ ಬ್ಯಾಗಿನಲ್ಲಿದೆ. ಜೀವಶಾಸ್ತ್ರದಲ್ಲಂತೂ ಚಿತ್ರದ ಕೆಳಗಿನ ಸಾಲನ್ನೂ ಬಿಡಬೇಡಿ. ನೀಟ್ ಪ್ರಶ್ನೆಗಳಲ್ಲಿ ಪಠ್ಯದ ವಾಕ್ಯಗಳು ಹೆಚ್ಚುಕಡಿಮೆ ಹಾಗೇ ಕಾಣಿಸಿಕೊಳ್ಳುತ್ತವೆ. ಜೊತೆಗೆ ಎನ್‌ಸಿಇಆರ್‌ಟಿಯವರೇ ಎಕ್ಸೆಂಪ್ಲರ್ ಅನ್ನುವ ಪುಸ್ತಕ ಮಾಡಿದ್ದಾರೆ, ಪಾಠಗಳಿಗಿಂತ ಒಂದು ಮೆಟ್ಟಿಲು ಮೇಲಿನ ಪ್ರಶ್ನೆಗಳ ಸಂಗ್ರಹ ಅದು. ಅವರ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಗೈಡಿಗೆ ದುಡ್ಡು ಹಾಕುವ ಮುಂಚೆ ಇದನ್ನು ಮುಗಿಸಿ.

ಸಿಲೆಬಸ್ ವಿಚಾರದಲ್ಲಿ ಹುಷಾರು. ಎನ್‌ಸಿಇಆರ್‌ಟಿ ಕೆಲವು ವರ್ಷಗಳ ಹಿಂದೆ ಎಷ್ಟೋ ಅಧ್ಯಾಯಗಳನ್ನು ತೆಗೆದುಹಾಕಿತು. ಹನ್ನೆರಡನೇ ತರಗತಿ ರಸಾಯನಶಾಸ್ತ್ರದಲ್ಲಿ ಸಾಲಿಡ್ ಸ್ಟೇಟ್, ಪಾಲಿಮರ್ ಹೋದವು. ಭೌತಶಾಸ್ತ್ರದಲ್ಲಿ ಕೊನೆಯ ಕಮ್ಯುನಿಕೇಶನ್ ಪಾಠ ಹೋಯಿತು. ಇವನ್ನು ಡಿಲೀಟೆಡ್ ಭಾಗ ಅನ್ನುತ್ತಾರೆ. 2024ರ ಸಿಇಟಿಯಲ್ಲಿ ಸಿಲೆಬಸ್ ಆಚೆಯ ಪ್ರಶ್ನೆಗಳು ಬಂದು ದೊಡ್ಡ ಗಲಾಟೆಯಾಯಿತು, ಕೊನೆಗೆ ನಾಲ್ಕೂ ವಿಷಯ ಸೇರಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು.

ಆದರೆ ಎಲ್ಲಾ ಪರೀಕ್ಷೆಯಲ್ಲೂ ಒಂದೇ ಭಾಗ ಹೋಗಿಲ್ಲ. ಪಿ-ಬ್ಲಾಕ್ ಮೂಲವಸ್ತುಗಳ ಪಾಠ ಈಗಿನ ಹನ್ನೆರಡನೇ ತರಗತಿ ಪುಸ್ತಕದಲ್ಲಿ ಇಲ್ಲ, ನೀಟ್ ಸಿಲೆಬಸ್‌ನಲ್ಲಿ ಇದೆ. ಇಂಥ ಪಾಠಕ್ಕೆ ಸೀನಿಯರ್‌ಗಳ ಹತ್ತಿರ ಹಳೇ ಪಠ್ಯಪುಸ್ತಕ ಕೇಳಿ ಇಟ್ಟುಕೊಳ್ಳಿ.

ನಿಮ್ಮ ಪರೀಕ್ಷೆಯ ಆ ವರ್ಷದ ಅಧಿಕೃತ ಸಿಲೆಬಸ್ ಪ್ರಿಂಟ್ ತೆಗೆದು, ಓದುವ ಜಾಗದ ಗೋಡೆಗೆ ಅಂಟಿಸಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಿಲೆಬಸ್ ಬೇಡ. ಪ್ರಶ್ನೆಗಳ ಸಂಖ್ಯೆ, ಸಮಯ, ಅಂಕದ ಪದ್ಧತಿಯನ್ನೂ ಆ ವರ್ಷದ ಮಾಹಿತಿ ಪುಸ್ತಕದಲ್ಲಿ ನೋಡಿಯೇ ಖಚಿತ ಮಾಡಿಕೊಳ್ಳಿ.

ಹಂತ 4: ಅಂಗಡಿಯಲ್ಲಿ ಗೈಡ್ ಪರೀಕ್ಷೆ ಮಾಡಿ

ಹಾಸನವಾಗಲಿ ಚಿಕ್ಕಮಗಳೂರಾಗಲಿ, ಪುಸ್ತಕದಂಗಡಿಯಲ್ಲಿ ಹತ್ತು ನಿಮಿಷ ನಿಂತು ನೋಡಿದರೆ ಯಾರೂ ಬೇಡ ಅನ್ನುವುದಿಲ್ಲ. ಆನ್‌ಲೈನ್‌ನಲ್ಲಿ ರಟ್ಟು ನೋಡಿ ಆರ್ಡರ್ ಮಾಡುವುದಕ್ಕಿಂತ ಇದು ಎಷ್ಟೋ ವಾಸಿ. ಹೋಗುವಾಗ ನಿಮಗೆ ಚೆನ್ನಾಗಿ ಬರುವ ಒಂದು ಪಾಠ, ಸರಿಯಾಗಿ ಬರದ ಒಂದು ಪಾಠ ತಲೆಯಲ್ಲಿರಲಿ.

ಮೊದಲು ಗೈಡಿನಲ್ಲಿ 2024ರ ಸಿಇಟಿ ಪ್ರಶ್ನೆಪತ್ರಿಕೆ ತೆಗೆಯಿರಿ. ಕೈಬಿಟ್ಟ ಪ್ರಶ್ನೆಗಳು ಯಾವುವು ಅಂತ ಪುಸ್ತಕ ಗುರುತು ಮಾಡಿದೆಯಾ? ಮಾಡಿದ್ದರೆ ಅದನ್ನು ತಯಾರಿಸಿದವರು ಕೆಲಸ ಮಾಡಿದ್ದಾರೆ ಅಂತ ಅರ್ಥ. ಏನೂ ಹೇಳದೆ ಎಲ್ಲದಕ್ಕೂ ಉತ್ತರ ಹಾಕಿದ್ದರೆ ಸುಮ್ನೆ ಎಲ್ಲಿಂದಲೋ ಎತ್ತಿ ಸೇರಿಸಿದ್ದಾರೆ. ಈ ಒಂದು ಪರೀಕ್ಷೆಯಲ್ಲೇ ಎಷ್ಟೋ ಗೈಡ್‌ಗಳು ಉದುರಿ ಹೋಗುತ್ತವೆ.

ಆಮೇಲೆ ನಿಮಗೆ ಬರದ ಪಾಠಕ್ಕೆ ಹೋಗಿ ಮೂರು ಲೆಕ್ಕದ ಪರಿಹಾರ ಓದಿ. ಬರೀ "ಉತ್ತರ: ಸಿ" ಅಂತ ಇದ್ದರೆ ಕೆಳಗಿಡಿ. ಸೂತ್ರ ಹಾಕಿ ನೇರ ಉತ್ತರಕ್ಕೆ ಹಾರಿದ್ದರೂ ಕೆಳಗಿಡಿ. ಆ ಸೂತ್ರವೇ ಯಾಕೆ ಅಂತ ಒಂದು ಸಾಲಾದರೂ ಇರಬೇಕು. ಉಳಿದ ಮೂರು ಆಯ್ಕೆ ಯಾಕೆ ತಪ್ಪು ಅಂತ ಬರೆದಿದ್ದರಂತೂ ಬಂಗಾರ.

ಚೆನ್ನಾಗಿ ಬರುವ ಪಾಠದಲ್ಲಿ ತಪ್ಪು ಹುಡುಕಿ. ಒಂದೇ ಪುಟದಲ್ಲಿ ಎರಡು ತಪ್ಪು ಉತ್ತರ ಕಂಡರೆ, ಬರದ ಪಾಠದಲ್ಲೂ ಅಷ್ಟೇ ತಪ್ಪಿರುತ್ತವೆ. ಅಲ್ಲಿ ಅವು ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ಅಲ್ವಾ?

ಪ್ರಶ್ನೆಪತ್ರಿಕೆಯ ಮಾದರಿಯನ್ನೂ ನೋಡಿ. ನೀಟ್‌ನಲ್ಲಿ ಹಿಂದೆ ಕೆಲವು ವರ್ಷ 200 ಪ್ರಶ್ನೆ ಕೊಟ್ಟು 180ಕ್ಕೆ ಉತ್ತರಿಸಲು ಬಿಡುತ್ತಿದ್ದರು. 2025ರಿಂದ ಆ ಆಯ್ಕೆ ಇಲ್ಲ. ಜೆಇಇ ಮೇನ್‌ನಲ್ಲೂ ಸಂಖ್ಯೆ ಬರೆಯುವ ಪ್ರಶ್ನೆಗಳಲ್ಲಿ ಕೆಲವನ್ನು ಬಿಟ್ಟು ಬೇಕಾದ್ದನ್ನು ಮಾಡುವ ಅವಕಾಶ ಅದೇ ವರ್ಷ ಹೋಯಿತು. ಹೊಸ ಪುಸ್ತಕ ಅಂತ ಕೊಟ್ಟಿದ್ದರಲ್ಲಿ ಹಳೇ ಮಾದರಿ ಇದ್ದರೆ ಬೇಡ.

ಸೆಕೆಂಡ್ ಹ್ಯಾಂಡ್ ಗೈಡ್ ಕೊಳ್ಳಬಹುದಾ? ಧಾರಾಳವಾಗಿ. ಪ್ರಶ್ನೆ ಸಂಗ್ರಹಕ್ಕೆ ಎರಡು ಮೂರು ವರ್ಷ ಹಳೆಯದಾದರೂ ಪರವಾಗಿಲ್ಲ. ಗೋಡೆಯ ಸಿಲೆಬಸ್ ನೋಡಿ ಡಿಲೀಟೆಡ್ ಪಾಠಗಳ ಮೇಲೆ ಅಡ್ಡಗೆರೆ ಎಳೆದುಬಿಡಿ. ಆದರೆ ಉತ್ತರಗಳಿಗೆ ಪೆನ್ಸಿಲ್ ಗುರುತು ಹಾಕಿದ ಪುಸ್ತಕ ಬೇಡ. ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ, ನಿಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ (ಪಂಚಾಯಿತಿ ಗ್ರಂಥಾಲಯ) ಹೋಗಿ ಕೇಳಿ. ಇಲ್ಲದ ಪುಸ್ತಕ ತರಿಸಿಕೊಡಿ ಅಂತ ಬರೆದುಕೊಡುವುದಕ್ಕೂ ಸಂಕೋಚ ಬೇಡ.

ಹಂತ 5: ಹಳೇ ಪ್ರಶ್ನೆಪತ್ರಿಕೆಗಳನ್ನು ಕೊನೆಗೆ ಅಂತ ಎತ್ತಿಡಬೇಡಿ

ಕೆಇಎ ಜಾಲತಾಣದಲ್ಲಿ ಹಿಂದಿನ ವರ್ಷಗಳ ಸಿಇಟಿ ಪತ್ರಿಕೆಗಳು, ಉತ್ತರ ಸೂಚಿಗಳು ಸಿಗುತ್ತವೆ. ಪರೀಕ್ಷೆಯಾದ ಮೇಲೆ ಮೊದಲು ತಾತ್ಕಾಲಿಕ ಕೀ ಬರುತ್ತದೆ, ಆಕ್ಷೇಪಣೆ ಕೇಳಿದ ಮೇಲೆ ಅಂತಿಮ ಕೀ. ನಿಮಗೆ ಬೇಕಾದ್ದು ಅಂತಿಮ ಕೀ. ಗೈಡಿನ ಉತ್ತರಕ್ಕೂ ಇದಕ್ಕೂ ತಾಳೆಯಾಗದಿದ್ದರೆ ಅಂತಿಮ ಕೀ ಇಟ್ಟುಕೊಂಡು ನಿಮ್ಮ ಮೇಷ್ಟ್ರನ್ನು ಕೇಳಿ.

ಎರಡು ಸುತ್ತು ಮಾಡಿ. ಮೊದಲ ಸುತ್ತು ಪಾಠವಾರು: ಒಂದು ಪಾಠ ಮುಗಿದ ವಾರವೇ, ಆ ಪಾಠದಿಂದ ಹಿಂದೆ ಬಂದ ಪ್ರಶ್ನೆಗಳು. ಪಾಠವನ್ನು ಯಾವ ಆಳಕ್ಕೆ ಓದಬೇಕು ಅಂತ ಇದರಿಂದ ತಿಳಿಯುತ್ತದೆ. ಎರಡನೆಯದು ಪತ್ರಿಕೆವಾರು, ಗಡಿಯಾರ ಇಟ್ಟುಕೊಂಡು. ಇದಕ್ಕಾಗಿ ಇತ್ತೀಚಿನ ಎರಡು ವರ್ಷದ ಪತ್ರಿಕೆಗಳನ್ನು ಮೊದಲ ಸುತ್ತಿನಲ್ಲಿ ಮುಟ್ಟಲೇಬೇಡಿ. ಒಮ್ಮೆ ನೋಡಿದ ಪ್ರಶ್ನೆಗೆ ಬರುವ ಅಂಕ ನಿಮ್ಮ ನಿಜವಾದ ಅಂಕವಲ್ಲ.

ಹಂತ 6: ತಪ್ಪಿನ ಪುಸ್ತಕ

ಇಡೀ ಲೇಖನದಲ್ಲಿ ಒಂದೇ ಹಂತ ಮಾಡಲು ಪುರುಸೊತ್ತು ಅಂದರೆ ಇದನ್ನು ಮಾಡಿ. ನೂರು ಪುಟದ ಒಂದು ನೋಟ್‌ಬುಕ್ ಸಾಕು. ತಪ್ಪಾದ ಪ್ರತಿ ಪ್ರಶ್ನೆಗೆ ನಾಲ್ಕು ಸಾಲು. ಒಂದನ್ನು ಹೀಗೆ ತೋರಿಸುತ್ತೇನೆ.

ಪ್ರಶ್ನೆ: ಒಂದು ತಂತಿಯನ್ನು ಎಳೆದು ಉದ್ದವನ್ನು ಎರಡು ಪಟ್ಟು ಮಾಡಿದರೆ ರೋಧ ಎಷ್ಟಾಗುತ್ತದೆ?
ನಾನು ಹಾಕಿದ್ದು: 2 ಪಟ್ಟು.
ಸರಿ ಉತ್ತರ: 4 ಪಟ್ಟು.
ಯಾಕೆ ತಪ್ಪಿತು: ಉದ್ದ ಮಾತ್ರ ನೋಡಿದೆ. ಎಳೆದಾಗ ತಂತಿ ತೆಳ್ಳಗೂ ಆಗುತ್ತದೆ. ಒಟ್ಟು ಗಾತ್ರ (ವಾಲ್ಯೂಮ್) ಅಷ್ಟೇ ಇರುವುದರಿಂದ ಅಡ್ಡಕೊಯ್ತದ ವಿಸ್ತೀರ್ಣ ಅರ್ಧ. ಉದ್ದದಿಂದ 2, ವಿಸ್ತೀರ್ಣದಿಂದ 2, ಒಟ್ಟು 4.

ಕೊನೆಯ ಸಾಲೇ ಇಲ್ಲಿ ಜೀವಾಳ. ಬಹಳ ಮಕ್ಕಳು ಅಲ್ಲಿ "ಗಮನ ಕೊಡಲಿಲ್ಲ" ಅಂತ ಬರೆದು ಮುಗಿಸುತ್ತಾರೆ. ಅದರಿಂದ ಏನೂ ಉಪಯೋಗವಿಲ್ಲ. ಏನನ್ನು ನೋಡಲಿಲ್ಲ ಅಂತ ಬರೆಯಬೇಕು. ಹಾಗೆ ಬರೆದವರು "ಮೂರು ಪಟ್ಟು ಎಳೆದರೆ?" ಅಂದ ಕೂಡಲೇ 9 ಅನ್ನುತ್ತಾರೆ. "ಎಳೆಯದೆ, ಅಂಥದ್ದೇ ಇನ್ನೊಂದು ತಂತಿಯನ್ನು ತುದಿಗೆ ಜೋಡಿಸಿದರೆ?" ಅಂದರೆ ನಿಂತು ಯೋಚಿಸಿ 2 ಅನ್ನುತ್ತಾರೆ. ಪರೀಕ್ಷೆಯಲ್ಲಿ ಬರುವುದು ಇಂಥ ತಿರುವುಗಳೇ.

ಪಕ್ಕದ ಅಂಚಿನಲ್ಲಿ ಒಂದು ಅಕ್ಷರ ಹಾಕಿ. ವಿಷಯವೇ ಗೊತ್ತಿಲ್ಲದಿದ್ದರೆ "ಗೊ". ಗೊತ್ತಿದ್ದೂ ಲೆಕ್ಕದಲ್ಲಿ ಕೈತಪ್ಪಿದ್ದರೆ "ಕೈ". ಪ್ರಶ್ನೆ ಸರಿಯಾಗಿ ಓದದೆ ಹೋಗಿದ್ದರೆ "ಓ". ಸಮಯ ಸಾಲದೆ ಬಿಟ್ಟಿದ್ದರೆ "ಸ". ತಿಂಗಳ ಕೊನೆಗೆ ಎಣಿಸಿ. "ಗೊ" ಜಾಸ್ತಿ ಇದ್ದರೆ ಗೈಡ್ ಮುಚ್ಚಿ ಪಠ್ಯಪುಸ್ತಕಕ್ಕೆ ವಾಪಸ್ ಹೋಗಿ, ಹೊಸ ಪ್ರಶ್ನೆಗಳಿಂದ ಏನೂ ಆಗದು. "ಕೈ" ಜಾಸ್ತಿ ಇದ್ದರೆ ರಫ್ ಕೆಲಸವನ್ನು ಮೂಲೆಮೂಲೆಯಲ್ಲಿ ಗೀಚದೆ ಸಾಲಾಗಿ ಬರೆಯುವುದನ್ನು ರೂಢಿ ಮಾಡಿ. "ಓ" ಜಾಸ್ತಿ ಬರುವವರು ಜೀವಶಾಸ್ತ್ರದಲ್ಲಿ "ಕೆಳಗಿನವುಗಳಲ್ಲಿ ಯಾವುದು ಸರಿಯಲ್ಲ" ಅನ್ನುವ ಥರದ ಪ್ರಶ್ನೆಯಲ್ಲಿ "ಅಲ್ಲ" ಅನ್ನುವುದಕ್ಕೆ ಸುತ್ತು ಹಾಕಿಯೇ ಮುಂದೆ ಹೋಗಬೇಕು. "ಸ" ಜಾಸ್ತಿ ಇದ್ದರೆ ಮುಂದಿನ ಹಂತ ನಿಮಗಾಗಿಯೇ.

ತಪ್ಪಾದ ಪ್ರಶ್ನೆಯನ್ನು ಮೂರು ದಿನ ಬಿಟ್ಟು, ಆಮೇಲೆ ಒಂದು ವಾರ ಬಿಟ್ಟು, ಆಮೇಲೆ ಒಂದು ತಿಂಗಳು ಬಿಟ್ಟು ಉತ್ತರ ಮುಚ್ಚಿಕೊಂಡು ಮಾಡಿ. ಮೂರು ಸಲವೂ ಸರಿ ಬಂದರೆ ಹೊಡೆದು ಹಾಕಿ.

ಹಂತ 7: ಪರೀಕ್ಷೆಯ ಹಾಗೇ ಅಭ್ಯಾಸ

ಮಾಕ್ ಟೆಸ್ಟ್ ಅಂದರೆ ನಿಜವಾದ ಪರೀಕ್ಷೆಯ ಅಣಕು. ಹಾಸಿಗೆ ಮೇಲೆ ಕೂತು, ನಡುವೆ ಫೋನ್ ನೋಡಿ ಮಾಡಿದ್ದು ಮಾಕ್ ಟೆಸ್ಟ್ ಅಲ್ಲ. ಸಿಇಟಿಯಲ್ಲಿ ದಿನಕ್ಕೆ ಎರಡು ವಿಷಯ, ಬೆಳಿಗ್ಗೆ 10.30ಕ್ಕೆ ಒಂದು, ಮಧ್ಯಾಹ್ನ 2.30ಕ್ಕೆ ಒಂದು. ಭಾನುವಾರ ಅದೇ ಹೊತ್ತಿಗೆ ಕೂತುಕೊಳ್ಳಿ. ಊಟ ಮಾಡಿ ಬಂದ ಮೇಲೆ ಲೆಕ್ಕ ಬಿಡಿಸುವುದು ಬೇರೆಯೇ ಕಷ್ಟ. ಅದು ಮೊದಲ ಸಲ ಗೊತ್ತಾಗುವುದು ಪರೀಕ್ಷೆಯ ದಿನ ಆಗಬಾರದು.

ಸಿಇಟಿ, ನೀಟ್ ಬರೆಯುವವರು ಒಎಂಆರ್ ಹಾಳೆಯ ಮೇಲೆಯೇ ಅಭ್ಯಾಸ ಮಾಡಬೇಕು. ಒಎಂಆರ್ ಅಂದರೆ ಉತ್ತರದ ವೃತ್ತವನ್ನು ಪೆನ್ನಿನಿಂದ ತುಂಬುವ ಹಾಳೆ, ಮಷಿನ್ ಅದನ್ನು ಓದುತ್ತದೆ. ಮಾದರಿ ಹಾಳೆಯನ್ನು ಜೆರಾಕ್ಸ್ ಮಾಡಿಸಿಕೊಳ್ಳಿ. ಇಲ್ಲಿ ಪದೇ ಪದೇ ಆಗುವ ಅನಾಹುತ ಒಂದಿದೆ: 23ನೇ ಪ್ರಶ್ನೆ ಬಿಟ್ಟು 24ಕ್ಕೆ ಹೋಗುತ್ತಾರೆ, ಉತ್ತರವನ್ನು 23ರ ಸಾಲಿನಲ್ಲಿ ತುಂಬುತ್ತಾರೆ, ಅಲ್ಲಿಂದ ಮುಂದೆ ಎಲ್ಲವೂ ಒಂದೊಂದು ಸಾಲು ಮೇಲೆ. ಪೆನ್ನಿನ ಗುರುತು ಅಳಿಸಲಾಗದು. ಪ್ರತಿ ಹತ್ತು ಪ್ರಶ್ನೆಗೊಮ್ಮೆ ಪ್ರಶ್ನೆಸಂಖ್ಯೆ, ಸಾಲಿನ ಸಂಖ್ಯೆ ಎರಡನ್ನೂ ಬೆರಳಿಟ್ಟು ನೋಡುವ ರೂಢಿ ಈಗಲೇ ಆಗಲಿ.

ಜೆಇಇ, ಕಾಮೆಡ್‌ಕೆ ಬರೆಯುವವರಿಗೆ ಕಂಪ್ಯೂಟರ್ ಬೇಕು. ಮೊಬೈಲಿನಲ್ಲಿ ಮಾಡಿದ್ದು ಸಾಲದು. ಪರದೆಯ ಮೇಲಿನ ಪ್ರಶ್ನೆಯನ್ನು ಹಾಳೆಗೆ ಇಳಿಸಿ ಬಿಡಿಸುವುದೇ ಒಂದು ಕೆಲಸ. ಕಾಲೇಜಿನ ಲ್ಯಾಬ್‌ನಲ್ಲಿ ಶನಿವಾರ ಮಧ್ಯಾಹ್ನ ಕೂರಲು ಬಿಡಿ ಅಂತ ಪ್ರಾಂಶುಪಾಲರನ್ನು ಕೇಳಿ. ಕೇಂದ್ರ ಶಿಕ್ಷಣ ಸಚಿವಾಲಯ ಮತ್ತು ಐಐಟಿ ಕಾನ್ಪುರ ಸೇರಿ ನಡೆಸುವ 'ಸಾಥೀ' ಜಾಲತಾಣದಲ್ಲಿ ಜೆಇಇ, ನೀಟ್‌ಗೆ ಪಾಠ, ಟೆಸ್ಟ್ ಎರಡೂ ಪುಕ್ಕಟೆ ಇವೆ.

ಊಹೆ ಮಾಡಿ ಉತ್ತರ ಹಾಕಬಹುದಾ ಅನ್ನುವುದು ಎಲ್ಲರ ಪ್ರಶ್ನೆ. ಸಿಇಟಿಯಲ್ಲಿ ಒಂದನ್ನೂ ಖಾಲಿ ಬಿಡಬೇಡಿ. ನೀಟ್‌ನಲ್ಲಿ ಲೆಕ್ಕ ಹೀಗಿದೆ: ನಾಲ್ಕು ಆಯ್ಕೆಯಲ್ಲಿ ಎರಡನ್ನು ಖಚಿತವಾಗಿ ತಪ್ಪು ಅಂತ ತಳ್ಳಿಹಾಕಿದರೆ, ಅಂಥ ಎರಡು ಪ್ರಶ್ನೆಯಲ್ಲಿ ಸರಾಸರಿ ಒಂದು ಸರಿ, ಒಂದು ತಪ್ಪು, ಕೈಗೆ 3 ಅಂಕ. ಧೈರ್ಯವಾಗಿ ಹಾಕಿ. ಏನೂ ಗೊತ್ತಿಲ್ಲದೆ ಹಾಕಿದರೆ ನಾಲ್ಕು ಪ್ರಶ್ನೆಗೆ ಸರಾಸರಿ ಒಂದೇ ಅಂಕದ ಲಾಭ, ಅದೂ ಅದೃಷ್ಟದ ಮೇಲೆ. ಅದರ ಹಿಂದೆ ಹೊತ್ತು ಕಳೆಯಬೇಡಿ. ನಿಮ್ಮ ಊಹೆ ಎಷ್ಟು ನಂಬಬಹುದು ಅಂತ ತಿಳಿಯಲು ಮಾಕ್ ಟೆಸ್ಟ್‌ನಲ್ಲಿ ಊಹಿಸಿದ ಪ್ರಶ್ನೆಗಳಿಗೆ ಚುಕ್ಕೆ ಹಾಕಿ, ಆಮೇಲೆ ಎಷ್ಟು ಸರಿ ಬಂತು ಅಂತ ಎಣಿಸಿ.

ಮೂರು ಗಂಟೆಯ ಟೆಸ್ಟ್‌ಗೆ ಕನಿಷ್ಠ ಮೂರು ಗಂಟೆ ವಿಮರ್ಶೆ. ಅದಕ್ಕೆ ಪುರುಸೊತ್ತು ಇಲ್ಲದಿದ್ದರೆ ಟೆಸ್ಟ್‌ಗಳನ್ನು ಕಡಿಮೆ ಮಾಡಿ.

ಹಂತ 8: ನಮ್ಮ ಕಡೆಯ ವರ್ಷಕ್ಕೆ ಹೊಂದುವ ವೇಳಾಪಟ್ಟಿ

ಬೆಂಗಳೂರಿನ ಕೋಚಿಂಗ್ ವೇಳಾಪಟ್ಟಿಯನ್ನು ಹಾಗೇ ಇಳಿಸಿಕೊಳ್ಳಬೇಡಿ. ಜೂನ್‌ನಿಂದ ಆಗಸ್ಟ್‌ವರೆಗೆ ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರ ಕಡೆ ಮಳೆಗೆ ಕರೆಂಟ್ ಹೋದರೆ ಯಾವಾಗ ಬರುತ್ತದೋ, ನೆಟ್‌ವರ್ಕ್ ಅಂತೂ ಕೇಳಲೇಬೇಡಿ. ವಿಡಿಯೋ ಪಾಠಗಳನ್ನೇ ನಂಬಿದವರು ಆ ಮೂರು ತಿಂಗಳು ಕಳೆದುಕೊಳ್ಳುತ್ತಾರೆ. ಮಳೆಗಾಲಕ್ಕೆ ಕಾಗದದ ಪುಸ್ತಕ, ಪ್ರಿಂಟ್ ತೆಗೆದ ಪ್ರಶ್ನೆಪತ್ರಿಕೆ, ಚಾರ್ಜ್ ಆಗುವ ಒಂದು ದೀಪ ಇರಲಿ. ಪೇಟೆಗೆ ಬಂದಾಗ ಬೇಕಾದ ವಿಡಿಯೋ ಡೌನ್‌ಲೋಡ್ ಮಾಡಿಕೊಳ್ಳಿ.

ನವೆಂಬರ್ ದಾಟಿದರೆ ಕಾಫಿ ಹಣ್ಣು ಕುಯ್ಯುವ ಕಾಲ. ತೋಟದ ಮನೆಯಲ್ಲಿ ಎಲ್ಲರಿಗೂ ಕೈತುಂಬ ಕೆಲಸ, ಮಕ್ಕಳಿಗೂ ತೂಕ ಬರೆಯುವುದು, ಕಣ ಕಾಯುವುದು ಇದ್ದೇ ಇರುತ್ತದೆ. ತಂದೆ ತಾಯಂದಿರಿಗೆ ನನ್ನ ಕೋರಿಕೆ: ದ್ವಿತೀಯ ಪಿಯು ಮಗುವಿಗೆ ಬೆಳಗಿನ ಎರಡು ಗಂಟೆಯನ್ನಾದರೂ ಯಾರೂ ಕರೆಯದ ಹಾಗೆ ಬಿಟ್ಟುಕೊಡಿ. ಮಕ್ಕಳೇ, ನೀವೂ ಪ್ರಥಮ ಪಿಯು ಪಾಠಗಳ ಪುನರಾವರ್ತನೆಯನ್ನು ದಸರಾ ರಜೆಯಲ್ಲೇ ಮುಗಿಸಿಕೊಳ್ಳಿ. ಸಿಇಟಿ, ನೀಟ್ ಎರಡರಲ್ಲೂ ಹನ್ನೊಂದನೇ ತರಗತಿಯ ಪ್ರಶ್ನೆಗಳಿರುತ್ತವೆ. ಜನವರಿಯಲ್ಲಿ ಅದನ್ನು ಶುರು ಮಾಡಿದರೆ ಬೋರ್ಡ್ ಪರೀಕ್ಷೆ ತಲೆ ಮೇಲೆ ಕೂತಿರುತ್ತದೆ.

ದೂರದಿಂದ ಬಸ್ಸಿನಲ್ಲಿ ಓಡಾಡುವವರು ಬಸ್ಸಿನಲ್ಲಿ ಹೊಸದನ್ನು ಓದಬೇಡಿ. ತಪ್ಪಿನ ಪುಸ್ತಕ ತಿರುವಿ ಹಾಕಿ, ಅದಕ್ಕೆ ಆ ಹೊತ್ತು ಹೇಳಿ ಮಾಡಿಸಿದ್ದು.

ಈಗಾಗಲೇ ತಡವಾಗಿದ್ದರೆ

ಬೋರ್ಡ್ ಪರೀಕ್ಷೆ ಮುಗಿದು ಸಿಇಟಿಗೆ ಕೆಲವೇ ವಾರ ಇದೆ ಅನ್ನುವವರು ಹೊಸ ಗೈಡ್ ಕೊಳ್ಳಬೇಡಿ. ಇತ್ತೀಚಿನ ಐದು ವರ್ಷದ ಪತ್ರಿಕೆ, ಅಂತಿಮ ಕೀ, ಪಠ್ಯಪುಸ್ತಕ, ಒಂದು ನೋಟ್‌ಬುಕ್, ಇಷ್ಟೇ ಮೇಜಿನ ಮೇಲಿರಲಿ. ದಿನಕ್ಕೆ ಒಂದು ವಿಷಯದ ಒಂದು ಪತ್ರಿಕೆಯನ್ನು 80 ನಿಮಿಷದಲ್ಲಿ ಮಾಡಿ, ಉಳಿದ ದಿನವೆಲ್ಲ ಅದರಲ್ಲಿ ತಪ್ಪಿದ ಪಾಠಗಳನ್ನು ಓದಿ. ನಾಲ್ಕು ವಿಷಯ ಸರದಿಯಲ್ಲಿ ಬರಲಿ. ಕೊನೆಯ ಮೂರು ದಿನ ತಪ್ಪಿನ ಪುಸ್ತಕ ಬಿಟ್ಟು ಬೇರೇನೂ ತೆರೆಯಬೇಡಿ. ಪ್ರವೇಶಪತ್ರದ ಎರಡು ಪ್ರಿಂಟ್, ಗುರುತಿನ ಚೀಟಿ, ಒಂದೇ ಕಂಪನಿಯ ಎರಡು ಬಾಲ್ ಪೆನ್ ಒಂದು ಕವರಿಗೆ ಹಾಕಿಡಿ. ಕಳಸ, ಶೃಂಗೇರಿ ಕಡೆಯಿಂದ ಬರಬೇಕಾದವರು ಬೆಳಗಿನ ಮೊದಲ ಬಸ್ಸನ್ನು ನೆಚ್ಚಿಕೊಳ್ಳದೆ ಹಿಂದಿನ ಸಂಜೆಯೇ ಪೇಟೆಗೆ ಬಂದು, ಕೇಂದ್ರದ ಗೇಟ್ ಎಲ್ಲಿದೆ ಅಂತ ನೋಡಿಕೊಂಡು ಮಲಗಿ.